ಮಹಾಮಾರಿಗೆ ಮದ್ದು ಕಂಡ ಪರದೇಶಿ: ವಾಲ್ಡೆಮಾರ್ ಹಾಫ್ಕಿನ್

ಊರಿನಿಂದ ಬಂದ ರೋಗಿಗಳನ್ನು ಕರೆದುಕೊಂಡು ಪರೇಲಿನ ಕೆ.ಇ.ಎಂ. ಆಸ್ಪತ್ರೆಗೋ ಟಾಟಾ ಆಸ್ಪತ್ರೆಗೋ ಹೋಗಬೇಕಾದ ಸಂದರ್ಭ ಮುಂಬಯಿ ಕನ್ನಡಿಗರಲ್ಲಿ ಅನೇಕರಿಗೆ ಬಂದೇ ಬರುತ್ತದೆ. ಆ ಆಸ್ಪತ್ರೆಗಳ ಸಮೀಪದಲ್ಲಿಯೇ, ಆಚಾರ್ಯ ದೊಂದೆ ಮಾರ್ಗದಲ್ಲಿ, ಒಂದು ಪುರಾತನ ಭವನವಿದೆ. ಅದಕ್ಕೆ ಹಾಫ್ಕಿನ್ ಸಂಸ್ಥೆ ಎಂದು ಹೆಸರು. ಅದೊಂದು ಔಷಧದ ಕಂಪೆನಿಯ ಹೆಸರೆಂದು ತಿಳಿದವರುಂಟು. ಯಾರೋ ಆಂಗ್ಲ ಗವರ್ನರನ ಹೆಸರೆಂದು ಭಾವಿಸಿದವರೂ ಉಂಟು. ವಾಸ್ತವದಲ್ಲಿ ಅದು ಹುಟ್ಟಿದ ನಾಡಿನಲ್ಲಿ ನೆಲೆ ದೊರೆಯದೆ, ವಿದ್ಯೆಗಾಗಿಯೂ ಹೊಟ್ಟೆಪಾಡಿಗಾಗಿಯೂ ದೇಶದಿಂದ ದೇಶಕ್ಕೆ ಅಲೆದ ಒಬ್ಬ ಯೆಹೂದಿ ವಿಜ್ಞಾನಿಯ ಹೆಸರು. ಈ ನಗರ ಪ್ಲೇಗಿನ ಬಾಯಿಗೆ ಬಿದ್ದಿದ್ದಾಗ ಇಲ್ಲಿಗೆ ಬಂದು, ಇಲ್ಲಿಯೇ ಮದ್ದು ಸಿದ್ಧಪಡಿಸಿ, ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡ ಆ ಮಹನೀಯರ ಜೀವನವನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಾಲ್ಡೆಮಾರ್ ಹಾಫ್ಕಿನ್ನರು ಹುಟ್ಟಿದ್ದು ೧೮೬೦ರ ಮಾರ್ಚ್ ೧೫ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಎಂಬ ಬಂದರು ಪಟ್ಟಣದಲ್ಲಿ. ಇಂದು ಯುಕ್ರೇನಿಗೆ ಸೇರಿರುವ ಆ ಊರು ಅಂದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದರು. ಮುಂದೆ ನೊಬೆಲ್ ಪಾರಿತೋಷಕ ಪಡೆದ ಮೆಚ್ನಿಕಾಫರು ಅವರ ಗುರುಗಳು. ಕೆರೆಕುಂಟೆಗಳ ನೀರಿನಲ್ಲಿ ಬರಿಗಣ್ಣಿಗೆ ಕಾಣದೆ ಓಡಾಡುವ ಏಕಕೋಶ ಜೀವಿಗಳ ಅಧ್ಯಯನದಿಂದ ಹಾಫ್ಕಿನ್ನರ ಸಂಶೋಧನೆ ಮೊದಲಾಯಿತು.

ಆ ಕಾಲದ ರಷ್ಯಾದಲ್ಲಿ ಯೆಹೂದಿಯಾಗಿ ಹುಟ್ಟುವುದೇ ಒಂದು ಶಿಕ್ಷೆಯಂತಿತ್ತು. ೧೮೮೧ರಲ್ಲಿ ಯೆಹೂದಿಗಳ ಮನೆ-ಅಂಗಡಿಗಳ ಮೇಲೆ ದೊಂಬಿಗಳು ನಡೆದಾಗ ತಮ್ಮವರ ರಕ್ಷಣೆಗೆ ನಿಂತ ಯುವಕರಲ್ಲಿ ಹಾಫ್ಕಿನ್ನರೂ ಒಬ್ಬರು; ಅದಕ್ಕಾಗಿ ಬಂಧನವನ್ನೂ ಅನುಭವಿಸಿದರು. ಕೆಲವು ವರ್ಷ ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದಲ್ಲಿ ಕೆಲಸ ಮಾಡಿದರು. ಮತಾಂತರ ಹೊಂದಿದರೆ ಪ್ರಾಧ್ಯಾಪಕ ಪದವಿಯ ಬಾಗಿಲು ತೆರೆಯುತ್ತಿತ್ತು. ಅವರು ಅದಕ್ಕೆ ಒಪ್ಪದೆ ೧೮೮೮ರಲ್ಲಿ ಊರನ್ನೇ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ ಸೇರಿದರು.

ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಸಿಕ್ಕಿದ್ದು ಸಂಶೋಧಕನ ಸ್ಥಾನವಲ್ಲ, ಪುಸ್ತಕ ಭಂಡಾರದ ಕೆಲಸ. ಖಾಲಿ ಇದ್ದದ್ದು ಅದೊಂದೇ. ಅದನ್ನು ಕೀಳೆಂದು ಬಗೆಯದೆ ಸ್ವೀಕರಿಸಿ, ಬಿಡುವಿನ ವೇಳೆಯಲ್ಲಿ ಪ್ರಯೋಗಶಾಲೆಯಲ್ಲಿ ದುಡಿದರು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ನಮ್ಮ ಮುಂಬಯಿ ಕನ್ನಡಿಗರಿಗೆ ಆ ಬಾಳಿನ ರೀತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಾಲರಾದ ಮದ್ದು

ಆಗ ಯುರೋಪಿನಲ್ಲಿ ಕಾಲರಾ ಹಬ್ಬಿತ್ತು. ಹಾಫ್ಕಿನ್ನರು ಕಾಲರಾದ ರೋಗಾಣುವನ್ನು ಗಿನಿಹಂದಿ ಎಂಬ ಪುಟ್ಟ ಪ್ರಾಣಿಗಳಲ್ಲಿ ಒಂದರಿಂದ ಒಂದಕ್ಕೆ ಸಾಗಿಸುತ್ತ ೩೯ ಬಾರಿ ದಾಟಿಸಿದರು. ಹೀಗೆ ದಾಟಿಸಿದಷ್ಟೂ ರೋಗಾಣುವಿನ ಉಗ್ರತೆ ಹೆಚ್ಚಿ ಒಂದು ನಿಶ್ಚಿತ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು ಕಡೆ ಶಾಖ ಮತ್ತು ಗಾಳಿಯಿಂದ ಅದೇ ರೋಗಾಣುವಿನ ಶಕ್ತಿಯನ್ನು ಕುಂದಿಸಿದರು. ಮೊದಲು ಕುಂದಿದ್ದನ್ನು, ಅನಂತರ ಉಗ್ರವಾದುದನ್ನು ಚುಚ್ಚಿದರೆ ದೇಹ ರೋಗವನ್ನು ಎದುರಿಸಲು ಕಲಿಯುವುದೆಂಬುದು ಅವರ ಮತ. ೧೮೯೨ರ ಜುಲೈ ೧೮ರಂದು ಅದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಆಗ ಅವರ ವಯಸ್ಸು ೩೨.

ಹಿಂದೆ ಭಾರತದ ವೈಸರಾಯರಾಗಿದ್ದು ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ನರ ಬೆಂಬಲದಿಂದ ಹಾಫ್ಕಿನ್ನರು ೧೮೯೩ರಲ್ಲಿ ಕಲಕತ್ತೆಗೆ ಬಂದರು. ಮುಂದಿನ ಎರಡು ವರ್ಷಗಳಲ್ಲಿ ಆಗ್ರಾದಿಂದ ಅಸ್ಸಾಮಿನ ಚಹಾ ತೋಟಗಳವರೆಗೆ ಸಂಚರಿಸಿ ಸುಮಾರು ೪೨ ಸಾವಿರ ಜನರಿಗೆ ಮದ್ದು ಚುಚ್ಚಿದರು. ಯಾರನ್ನೂ ಬಲಾತ್ಕರಿಸಲಿಲ್ಲ. ಚುಚ್ಚಿಸಿಕೊಂಡವರ ಹೆಸರು ಬರೆದಿಟ್ಟು ಅವರು ಸುಮ್ಮನಾಗಲಿಲ್ಲ. ಅದೇ ಮನೆಯಲ್ಲಿ, ಅದೇ ನೀರು ಕುಡಿದು, ಚುಚ್ಚಿಸಿಕೊಳ್ಳದೆ ಉಳಿದವರ ಲೆಕ್ಕವನ್ನೂ ಇಟ್ಟರು. ಎರಡು ಕಡೆಯ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದಲ್ಲದೆ ಮದ್ದಿನ ಗುಣವಾಗಲಿ ದೋಷವಾಗಲಿ ತಿಳಿಯದೆಂಬುದು ಅವರ ನಿಯಮವಾಗಿತ್ತು. ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಅವರ ಬಾಳಿನ ಏಳುಬೀಳುಗಳೆಲ್ಲ ಇದರೊಡನೆಯೇ ಹೆಣೆದುಕೊಂಡಿವೆ.

ಮುಂಬಯಿಯಲ್ಲಿ ಪ್ಲೇಗು

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ, ಬಂದರಿನ ಧಾನ್ಯದ ಉಗ್ರಾಣಗಳ ನಡುವೆ, ಜನ ಜ್ವರ ಬಂದು, ತೊಡೆಸಂದಿಯಲ್ಲಿ ಗಡ್ಡೆ ಎದ್ದು ಸಾಯತೊಡಗಿದರು. ಅದು ಪ್ಲೇಗೆಂದು ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವೀಗಸ್. ನಗರದಲ್ಲಿ ಹಾಹಾಕಾರವೆದ್ದಿತು. ಎಂಟು ಲಕ್ಷಕ್ಕೆ ಮಿಕ್ಕ ಜನಸಂಖ್ಯೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಕೆಲವೇ ತಿಂಗಳಲ್ಲಿ ಊರು ಬಿಟ್ಟರು. ಅಧಿಕಾರಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದುದರಿಂದ ಜನರಿಗೆ ರೋಗಕ್ಕಿಂತ ಆಸ್ಪತ್ರೆಯ ಭಯವೇ ಹೆಚ್ಚಾಯಿತು. ಅಕ್ಟೋಬರ್ ಕೊನೆಗೆ ಗಿರಣಿ ಕೆಲಸಗಾರರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಗೆ ನುಗ್ಗಿತು.

ಇಂಥ ಸಮಯದಲ್ಲಿ, ೧೮೯೬ರ ಅಕ್ಟೋಬರ್ ೭ರಂದು ಹಾಫ್ಕಿನ್ನರು ಮುಂಬಯಿಗೆ ಬಂದಿಳಿದರು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಕೋಣೆ ಮತ್ತು ಅದರ ಪಕ್ಕದ ಓಣಿ. ನೆರವಿಗೆ ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲೇ ಹಗಲಿರುಳೂ ಕೆಲಸ ನಡೆಯಿತು. ಮೂರು ತಿಂಗಳಿಗೆ ಮದ್ದು ಸಿದ್ಧವಾಯಿತು.

ತುಪ್ಪದ ಹನಿ ಮತ್ತು ಬಿಳಲುಗಳು

ಆ ಮದ್ದನ್ನು ಅವರು ತಯಾರಿಸಿದ ವಿಧಾನ ನಮ್ಮ ಅಡಿಗೆ ಬಂಧುಗಳಿಗೆ ಸ್ವಾರಸ್ಯವೆನಿಸೀತು. ರೋಗಾಣುಗಳನ್ನು ಬೆಳೆಸಬೇಕಾದರೆ ಅವಕ್ಕೂ ಆಹಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವಂತೆಯೇ ಇದೂ. ಯುರೋಪಿನ ಪ್ರಯೋಗಶಾಲೆಗಳಲ್ಲಿ ಇದಕ್ಕೆ ದನದ ಮಾಂಸದ ಸಾರು ಬಳಕೆಯಲ್ಲಿತ್ತು. ಇಲ್ಲಿಯ ಜನರ ಧರ್ಮಭಾವನೆಗೆ ನೋವಾಗಬಾರದೆಂದು ಹಾಫ್ಕಿನ್ನರು ದನದ ಮತ್ತು ಹಂದಿಯ ಮಾಂಸಗಳೆರಡನ್ನೂ ಬಿಟ್ಟು ಆಡಿನ ಮಾಂಸದ ಸಾರನ್ನು ಆರಿಸಿಕೊಂಡರು. ಆ ಸಾರನ್ನು ಗಾಜಿನ ಹೂಜಿಗಳಲ್ಲಿ ತುಂಬಿ, ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರು. ಪ್ಲೇಗಿನ ರೋಗಾಣುಗಳು ಆ ತುಪ್ಪದ ತಳಕ್ಕೆ ಅಂಟಿಕೊಂಡು, ಆಲದ ಮರದ ಬಿಳಲುಗಳಂತೆ ಕೆಳಮುಖವಾಗಿ ಎಳೆಎಳೆಯಾಗಿ ಇಳಿಯುತ್ತಿದ್ದವು. ಆಗಾಗ ಹೂಜಿಯನ್ನು ಅಲುಗಾಡಿಸಿದರೆ ಬಿಳಲುಗಳು ಕಳಚಿ ತಳ ಸೇರುತ್ತಿದ್ದವು. ಮತ್ತೆ ಹೊಸ ಬಿಳಲು ಹುಟ್ಟುತ್ತಿತ್ತು. ಹೀಗೆ ಐದಾರು ವಾರ. ಈ ಬಿಳಲೇ ಬೆಳೆ ಶುದ್ಧವಾಗಿದೆ ಎಂಬುದಕ್ಕೆ ಗುರುತೂ ಆಗಿತ್ತು. ಕೊನೆಗೆ ೬೫ರಿಂದ ೭೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ತಾಸು ಕಾಯಿಸಿ ರೋಗಾಣುಗಳನ್ನು ಕೊಂದು, ಬೇರೆ ಕೊಳೆ ಸೇರದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗಳಲ್ಲಿ ಮುಚ್ಚುತ್ತಿದ್ದರು. ಸತ್ತ ರೋಗಾಣು ರೋಗ ತರಲಾರದು. ಆದರೆ ದೇಹಕ್ಕೆ ಶತ್ರುವಿನ ಪರಿಚಯ ಮಾಡಿಕೊಡುತ್ತದೆ.

ಮೊಲಗಳ ಮೇಲೆ ಪರೀಕ್ಷೆ ನಡೆಯಿತು. ಅನಂತರ ೧೮೯೭ರ ಜನವರಿ ೧೦ರಂದು ಹಾಫ್ಕಿನ್ನರು ವಾಡಿಕೆಯ ಪ್ರಮಾಣಕ್ಕಿಂತ ಮೂರು-ನಾಲ್ಕು ಪಟ್ಟು ಹೆಚ್ಚು ಮದ್ದನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಜ್ವರ ಬಂದಿತು, ನೋವು ಬಾಧಿಸಿತು, ಅವರು ಗುಣವಾದರು.

ಎರಡು ಕಡೆಯ ಲೆಕ್ಕ

ಅದೇ ತಿಂಗಳ ಕೊನೆಗೆ ಭಾಯಖಳಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿ ಮುಂದೆ ಬಂದು ಮದ್ದು ಚುಚ್ಚಿಸಿಕೊಂಡರು. ಚುಚ್ಚಿದ ದಿನವೇ ರೋಗ ತೋರಿದವರನ್ನು ಬಿಟ್ಟು ಲೆಕ್ಕ ಹಿಡಿದರೆ, ಚುಚ್ಚಿಸಿಕೊಳ್ಳದವರಲ್ಲಿ ೧೨ ಜನರಿಗೆ ರೋಗ ತಗಲಿ ೬ ಜನ ಸತ್ತರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂದು ಇಬ್ಬರೂ ಬದುಕಿದರು.

೧೮೯೮ರಲ್ಲಿ ಬಡೋದೆಯ ಬಳಿಯ ಉಂಧೇರಾ ಗ್ರಾಮದಲ್ಲಿ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ನಡೆಯಿತು. ಪ್ರತಿಯೊಂದು ಕುಟುಂಬದಲ್ಲಿಯೂ ಸುಮಾರು ಅರ್ಧ ಜನರಿಗೆ ಮದ್ದು ಕೊಟ್ಟು ಅರ್ಧ ಜನರನ್ನು ಹಾಗೆಯೇ ಬಿಡಲಾಯಿತು. ಆಮೇಲೆ ಪ್ಲೇಗು ಹೊಕ್ಕ ಮನೆಗಳಲ್ಲಿ ಮದ್ದು ಪಡೆದಿದ್ದವರು ೭೧ ಮಂದಿ. ಅವರಲ್ಲಿ ಸತ್ತವರು ೩. ಮದ್ದು ಪಡೆಯದಿದ್ದವರು ೬೪ ಮಂದಿ. ಅವರಲ್ಲಿ ಸತ್ತವರು ೨೬. ಒಂದೇ ಸೂರು, ಒಂದೇ ಒಲೆ; ಒಂದು ಸೂಜಿಯ ಅಂತರ.

ನಮ್ಮ ಕನ್ನಡನಾಡಿಗೂ ಈ ಮದ್ದು ಬಂದಿತು. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಅತಿ ಕ್ರೂರವಾಗಿ ಎರಗಿತು. ಸುಮಾರು ೫೦ ಸಾವಿರ ಜನರಿದ್ದ ಆ ಪಟ್ಟಣದಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಕೆಲವೇ ತಿಂಗಳಲ್ಲಿ ೩೦ ಸಾವಿರಕ್ಕೂ ಮಿಕ್ಕ ಜನರಿಗೆ ಮದ್ದು ಚುಚ್ಚಲಾಯಿತು. ಇಡೀ ಭಾರತದಲ್ಲಿಯೇ ಒಂದು ಪಟ್ಟಣ ಇಷ್ಟು ದೊಡ್ಡ ಪ್ರಮಾಣದಲ್ಲಿ ಮುಂದೆ ಬಂದದ್ದು ಆಗ ವಿರಳ. ಅದೇ ವರ್ಷ ಬೆಂಗಳೂರನ್ನೂ ಪ್ಲೇಗು ಹೊಕ್ಕಿತು. ಇಲಿ ಬಿದ್ದೊಡನೆ ಮನೆಗೆ ಬೀಗ ಹಾಕಿ ಹೊಲದ ಗುಡಿಸಲು ಸೇರುತ್ತಿದ್ದ ಕತೆಯನ್ನು ನಮ್ಮಲ್ಲಿ ಅಜ್ಜ-ಅಜ್ಜಿಯರ ಬಾಯಿಂದ ಕೇಳದವರು ಕಡಮೆ.

ಮುಂಬಯಿಯಲ್ಲಿ ಮೂರನೆಯ ಆಗಾಖಾನರು ಎಲ್ಲರೆದುರಿಗೆ ಮದ್ದು ಚುಚ್ಚಿಸಿಕೊಂಡು ತಮ್ಮ ಸಾವಿರಾರು ಖೋಜಾ ಅನುಯಾಯಿಗಳಿಗೆ ದಾರಿ ತೋರಿದರು. ಪ್ರಯೋಗಶಾಲೆಗೆಂದು ತಮ್ಮ ಖುಶ್ರು ಲಾಜ್ ಕಟ್ಟಡವನ್ನೂ ಬಿಟ್ಟುಕೊಟ್ಟರು. ೧೮೯೯ರ ಆಗಸ್ಟ್ ೧೦ರಂದು ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರರ ಬಂಗಲೆಯಲ್ಲಿ ನೆಲೆಗೊಂಡಿತು. ಗವರ್ನರರೊಬ್ಬರ ಪತ್ನಿ ಅಲ್ಲಿಯೇ ಕಾಲರಾದಿಂದ ತೀರಿಕೊಂಡ ಮೇಲೆ ತೆರವಾಗಿದ್ದ ಭವನವದು. ಕಾಲರಾಕ್ಕೆ ಮದ್ದು ಹುಡುಕಿದವರೇ ಅದರ ಮುಖ್ಯಾಧಿಕಾರಿಯಾದರು.

ಮುಲ್ಕೊವಾಲದ ಸೀಸೆ

೧೯೦೨ರಲ್ಲಿ ಪಂಜಾಬಿನಿಂದ ಲಕ್ಷಗಟ್ಟಲೆ ಮದ್ದಿಗೆ ಬೇಡಿಕೆ ಬಂದಿತು. ಬೇಗ ತಯಾರಾಗಬೇಕೆಂದು ಹಾಫ್ಕಿನ್ನರು ಮಾಂಸದ ಸಾರಿಗೆ ಬದಲಾಗಿ ಅಗರ್ ಎಂಬ ಸಮುದ್ರಪಾಚಿಯ ಅಂಟಿನ ಮೇಲೆ ರೋಗಾಣು ಬೆಳೆಸುವ ಹೊಸ ವಿಧಾನವನ್ನು ತಂದರು. ಇದರಲ್ಲಿ ಕಾರ್ಬಾಲಿಕ್ ಆಮ್ಲ ಬೆರೆಸುತ್ತಿರಲಿಲ್ಲ, ಶಾಖವೇ ಸಾಕೆಂದಿತ್ತು. ಪಾಶ್ಚರ್ ಸಂಸ್ಥೆಯಲ್ಲಿಯೂ ಅದೇ ರೂಢಿಯಿತ್ತು.

೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೊವಾಲ್ ಗ್ರಾಮದಲ್ಲಿ ೧೦೭ ಜನರಿಗೆ ಮದ್ದು ಚುಚ್ಚಲಾಯಿತು. ಒಂದು ವಾರದ ಬಳಿಕ ಅವರಲ್ಲಿ ೧೯ ಜನರಿಗೆ ಧನುರ್ವಾಯು ತಗಲಿತು. ಹತ್ತೊಂಬತ್ತು ಮಂದಿಯೂ ಸತ್ತರು. ಅವರೆಲ್ಲರೂ ಮದ್ದು ಪಡೆದದ್ದು ಒಂದೇ ಸೀಸೆಯಿಂದ. ಬೇರೆ ಸೀಸೆಗಳಿಂದ ಪಡೆದ ೮೮ ಜನರಿಗೆ ಏನೂ ಆಗಲಿಲ್ಲ.

ಆ ಬಡ ರೈತರ ಮನೆಗಳ ದುಃಖವನ್ನು ಲಘುವಾಗಿ ಕಾಣುವಂತಿಲ್ಲ. ರಕ್ಷಣೆಗೆಂದು ತೋಳು ಚಾಚಿದವರು ಅದರಿಂದಲೇ ಸತ್ತರು. ಕಾರಣ ಹುಡುಕುವುದು ಸರಕಾರದ ಕರ್ತವ್ಯವಾಗಿತ್ತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಲಿ ಕುಳಿತಿತು. ಸೀಸೆ ಪಂಜಾಬಿನಲ್ಲಿ ತೆರೆಯುವ ಮೊದಲೇ, ಅಂದರೆ ಪರೇಲಿನಲ್ಲಿಯೇ, ಕೆಟ್ಟಿದ್ದಿರಬೇಕೆಂದು ಅದು ಅಭಿಪ್ರಾಯಪಟ್ಟಿತು. ಹಾಫ್ಕಿನ್ನರನ್ನು ಹುದ್ದೆಯಿಂದ ದೂರವಿರಿಸಲಾಯಿತು. ೧೯೦೪ರಲ್ಲಿ ಅವರು ಅಪವಾದ ಹೊತ್ತು ಭಾರತವನ್ನು ಬಿಟ್ಟರು.

ಆದರೆ ವಿಚಾರಣೆಯ ಕಡತದಲ್ಲಿಯೇ ಬೇರೊಂದು ಸಾಕ್ಷ್ಯವಿತ್ತು. ಮುಲ್ಕೊವಾಲದಲ್ಲಿ ಸೀಸೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಕುದಿಸಿ ಶುದ್ಧಪಡಿಸದೆ, ಕಾರ್ಬಾಲಿಕ್ ದ್ರವದಲ್ಲಿ ಒಮ್ಮೆ ಅದ್ದಿ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ನೆಲೆಸುವುದೇ ಮಣ್ಣಿನಲ್ಲಿ. ಅಲ್ಲದೆ, ಆ ರೋಗಾಣು ಸೀಸೆಯೊಳಗೆ ವಾರಗಟ್ಟಲೆ ಬೆಳೆದಿದ್ದರೆ ತೆರೆದೊಡನೆ ದುರ್ವಾಸನೆ ಬರಬೇಕಾಗಿತ್ತು. ಸೀಸೆ ತೆರೆದ ವೈದ್ಯರಿಗೆ ವಾಸನೆ ಬಂದಿರಲಿಲ್ಲ. ಬೆಳೆದ ವಿಷವಿದ್ದರೆ ರೋಗಲಕ್ಷಣ ಇನ್ನೂ ಬೇಗ ತೋರಬೇಕಾಗಿತ್ತು. ತೋರಿದ್ದು ವಾರದ ಮೇಲೆ. ಇವೆಲ್ಲ ಕಾಗದದ ಮೇಲಿದ್ದವು. ಎರಡು ಕಡೆಯನ್ನೂ ತೂಗಿ ನೋಡಬೇಕೆಂದು ಜೀವಮಾನವಿಡೀ ಹೇಳಿದವರ ಪಾಲಿಗೆ, ತೂಗುವ ಹೊತ್ತು ಬಂದಾಗ ತಕ್ಕಡಿಯ ಒಂದು ತಟ್ಟೆಯನ್ನೇ ಕೆಳಗಿಟ್ಟಂತಾಯಿತು.

ಅವರಿಲ್ಲದ ಪರೇಲು

ಹಾಫ್ಕಿನ್ನರು ದೂರದಲ್ಲಿದ್ದಾಗಲೂ ಅವರು ಕಟ್ಟಿದ ಮನೆಯಲ್ಲಿ ಕೆಲಸ ನಿಲ್ಲಲಿಲ್ಲ. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಇಲಿಯ ಚಿಗಟವೆಂದು ಫ್ರೆಂಚ್ ವೈದ್ಯ ಸಿಮೊಂದ್ ೧೮೯೮ರಲ್ಲಿಯೇ ಕರಾಚಿಯಲ್ಲಿ ತೋರಿಸಿದ್ದರೂ ಹೆಚ್ಚಿನವರು ನಂಬಿರಲಿಲ್ಲ. ಭಾಯಖಳಾದ ರಾಣಿಬಾಗಿನ ಪ್ರಾಣಿಸಂಗ್ರಹಾಲಯದಲ್ಲಿ ಗಿನಿಹಂದಿಗಳು ಪ್ಲೇಗಿನಿಂದ ಸತ್ತಾಗ, ಪರೇಲಿನ ಪ್ರಯೋಗಶಾಲೆಯ ಗ್ಲೆನ್ ಲಿಸ್ಟನ್ನರು ಅವುಗಳ ಮೈಯನ್ನು ಪರೀಕ್ಷಿಸಿ ಇಲಿಯ ಚಿಗಟಗಳನ್ನು ಕಂಡರು. ಅನಂತರ ಪ್ಲೇಗು ತಗಲಿದ ಚಾಳುಗಳ ಖಾಲಿ ಕೋಣೆಗಳಲ್ಲಿ ಆರೋಗ್ಯವಾದ ಗಿನಿಹಂದಿಗಳನ್ನು ಬಿಟ್ಟು ನೋಡಿದರು. ಇಲಿ ಸತ್ತು ನೆಲೆ ತಪ್ಪಿದ ಚಿಗಟಗಳು ಅವನ್ನು ಮುತ್ತಿದವು. ಮುಂದೆ ೧೯೦೫ರಿಂದ ಪ್ಲೇಗು ಸಂಶೋಧನಾ ಮಂಡಲಿ ಪರೇಲಿನಲ್ಲಿಯೇ ಈ ವಿಷಯವನ್ನು ಪ್ರಯೋಗಗಳಿಂದ ದೃಢಪಡಿಸಿತು. ಗೋದಾಮಿನ ಮೂಟೆಗಳ ನಡುವೆ ಇಲಿಯಾಡಲು ಬಿಡಬಾರದೆಂದು ಇಂದು ನಗರಪಾಲಿಕೆಯವರು ನಮ್ಮ ಹೋಟೆಲುಗಳಿಗೆ ಹೇಳುವ ಮಾತಿನ ಹಿಂದೆ ಇಂಥ ಚರಿತ್ರೆಯಿದೆ.

ಕಳಂಕ ಕಳೆದ ಬಗೆ

ಲಂಡನ್ನಿನಲ್ಲಿ ಹಾಫ್ಕಿನ್ನರು ವಿಚಾರಣೆಯ ಕಾಗದಪತ್ರಗಳನ್ನು ತಜ್ಞರ ಮುಂದಿಟ್ಟು ನ್ಯಾಯ ಕೇಳಿದರು. ಮಲೇರಿಯಾ ಸೊಳ್ಳೆಯಿಂದ ಹರಡುವುದೆಂದು ಸಿದ್ಧಪಡಿಸಿ ನೊಬೆಲ್ ಪಾರಿತೋಷಕ ಪಡೆದ ರೊನಾಲ್ಡ್ ರಾಸ್‌ರು ಅವರ ಪರವಾಗಿ ನಿಂತರು. ೧೯೦೭ರ ಜುಲೈಯಲ್ಲಿ ರಾಸ್‌ರೂ ಸೇರಿ ಹತ್ತು ಮಂದಿ ವಿಜ್ಞಾನಿಗಳ ಸಹಿಯುಳ್ಳ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರ್ಷದ ನವೆಂಬರಿನಲ್ಲಿ ಸರಕಾರ ಅವರನ್ನು ದೋಷಮುಕ್ತರೆಂದು ಒಪ್ಪಿಕೊಂಡಿತು. ಐದು ವರ್ಷಗಳು ಕಳೆದಿದ್ದವು.

ಹಾಫ್ಕಿನ್ನರು ಮತ್ತೆ ಭಾರತಕ್ಕೆ ಬಂದರು. ಆದರೆ ಪರೇಲಿನ ಪೀಠ ಅವರಿಗೆ ಮರಳಿ ದೊರೆಯಲಿಲ್ಲ. ಕಲಕತ್ತೆಯ ಚಿಕ್ಕ ಪ್ರಯೋಗಶಾಲೆಯೊಂದರಲ್ಲಿ ಕೆಲವು ವರ್ಷ ದುಡಿದು, ೫೫ರ ಪ್ರಾಯದ ಹೊತ್ತಿಗೆ ನಿವೃತ್ತರಾಗಿ ಫ್ರಾನ್ಸಿಗೆ ತೆರಳಿದರು. ಅವರು ವಿವಾಹವಾಗಲಿಲ್ಲ. ಮುಪ್ಪಿನಲ್ಲಿ ತಮ್ಮ ಧರ್ಮದ ಆಚರಣೆಯಲ್ಲಿ ನಿಷ್ಠರಾಗಿ, ಗಳಿಸಿದ್ದನ್ನು ಯೆಹೂದಿ ವಿದ್ಯಾರ್ಥಿಗಳ ಧರ್ಮಶಾಲೆಗಳಿಗೆ ಮೀಸಲಿಟ್ಟರು. ೧೯೨೫ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರನ್ನಿಡಲಾಯಿತು. ಅಷ್ಟರಲ್ಲಿ ಅಲ್ಲಿಂದ ಎರಡೂವರೆ ಕೋಟಿಗೂ ಮಿಕ್ಕ ಪ್ರಮಾಣಗಳಷ್ಟು ಪ್ಲೇಗಿನ ಮದ್ದು ಹೊರಬಿದ್ದಿತ್ತು. ೧೯೩೦ರ ಅಕ್ಟೋಬರಿನಲ್ಲಿ ಸ್ವಿಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ, ೭೦ನೆಯ ವಯಸ್ಸಿನಲ್ಲಿ ಅವರು ಕಾಲವಾದರು. ೧೯೬೪ರಲ್ಲಿ ಭಾರತ ಸರಕಾರ ಅವರ ಸ್ಮರಣೆಗೆ ಅಂಚೆ ಚೀಟಿಯನ್ನು ಹೊರಡಿಸಿತು.

ಹಾಫ್ಕಿನ್ನರ ಮದ್ದು ಸರ್ವಸಿದ್ಧಿಯದಾಗಿರಲಿಲ್ಲ. ಚುಚ್ಚಿಸಿಕೊಂಡವರಿಗೆ ಜ್ವರ, ಬಾವು ಬರುತ್ತಿದ್ದವು. ರಕ್ಷಣೆಯೂ ಪೂರ್ಣವಲ್ಲ, ಕೆಲವು ತಿಂಗಳಿನದು. ಇಂದು ಪ್ಲೇಗಿಗೆ ಪರಿಣಾಮಕಾರಿಯಾದ ಬೇರೆ ಔಷಧಗಳಿವೆ. ಆದರೆ ಬೇರೆ ಯಾವ ಆಸರೆಯೂ ಇಲ್ಲದ ಕಾಲದಲ್ಲಿ ಅದು ಲಕ್ಷಾಂತರ ಮನೆಗಳ ದೀಪವನ್ನು ಉಳಿಸಿತು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಎರಡು. ನೆಲಕ್ಕೆ ಬಿದ್ದ ಸಲಕರಣೆಯನ್ನು ಕುದಿಸದೆ ಬಳಸಬಾರದೆಂಬುದು ಮೊದಲನೆಯದು. ಆಸ್ಪತ್ರೆಯಲ್ಲಾಗಲಿ ಹೋಟೆಲಿನ ಅಡಿಗೆಮನೆಯಲ್ಲಾಗಲಿ ಶುಚಿಯ ನಿಯಮಕ್ಕೆ ರಜೆಯಿಲ್ಲ. ಎರಡನೆಯದು ನಮ್ಮಂಥ ಯಜಮಾನರಿಗೂ ಮೇಲಧಿಕಾರಿಗಳಿಗೂ ಅನ್ವಯಿಸುವಂಥದು. ಗಲ್ಲಾದಲ್ಲಿ ಹಣ ಕಡಮೆ ಬಿದ್ದಾಗ, ಕಡತ ಕಾಣೆಯಾದಾಗ, ಗಿರಾಕಿ ದೂರಿತ್ತಾಗ, ಕೈಗೆ ಮೊದಲು ಸಿಕ್ಕ ಕೆಲಸಗಾರನ ತಲೆಗೆ ಅಪವಾದವನ್ನು ಕಟ್ಟಿ ಊರಿಗೆ ಅಟ್ಟುವುದು ಸುಲಭ. ಕೆಟ್ಟ ಒಂದು ಸೀಸೆಯ ಪಕ್ಕದಲ್ಲಿ ಕೆಡದ ಸೀಸೆಗಳನ್ನೂ ಇಟ್ಟು ಎಣಿಸುವುದು ಕಷ್ಟ. ಜಗದ್ವಿಖ್ಯಾತ ವಿಜ್ಞಾನಿಯ ಪರವಾಗಿ ಐದು ವರ್ಷಗಳ ಮೇಲಾದರೂ ಹತ್ತು ಮಂದಿ ಪಂಡಿತರು ಸಹಿ ಹಾಕಿದರು. ಹದಿನೆಂಟು ವರ್ಷದ ಹುಡುಗನೊಬ್ಬನ ಪರವಾಗಿ ಯಾರು ಸಹಿ ಹಾಕುತ್ತಾರೆ? ಅವನ ಪಾಲಿಗೆ ಎರಡು ಕಡೆಯ ಲೆಕ್ಕವನ್ನೂ ನೋಡಬೇಕಾದವರು ನಾವೇ.